ಅಂಕಿ ಕಂಡಲ್ಲೆಲ್ಲ ಕೂಡಬಾರದು

ಊರಿನ ಮನೆಯಲ್ಲಿ ಅಡುಗೆಮನೆ ಬಾಗಿಲಿನ ಪಕ್ಕ ಒಂದು ಮೊಳೆ ಇತ್ತು. ಡೇರಿಗೆ ಹಾಲು ಹಾಕಿ ಬಂದ ಅಮ್ಮ ಅಲ್ಲಿ ಕೊಟ್ಟ ಚೀಟಿಯನ್ನು ಆ ಮೊಳೆಗೆ ಚುಚ್ಚಿಡುತ್ತಿದ್ದರು. ಬಟವಾಡೆಯ ದಿನ ಅವನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿಕೊಂಡು, ಬಂದ ದುಡ್ಡಿಗೂ ಚೀಟಿಗಳಿಗೂ ತಾಳೆ ನೋಡುವರು. ಮುಂದೆ ನಾನು ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಲು ನಿಂತಾಗ, ಮೊದಲ ದಿನಕ್ಕೆ ಪಠ್ಯಪುಸ್ತಕಕ್ಕಿಂತ ಆ ಚೀಟಿಯೇ ವಾಸಿ ಅನ್ನಿಸಿತು. ಈಗಲೂ ಮೊದಲ ತರಗತಿಗೆ ಒಯ್ಯುವುದು ಒಂದು ಹಾಲಿನ ಚೀಟಿಯನ್ನೇ.

ಚೀಟಿಯಲ್ಲಿ ಹೀಗಿದೆ ಎಂದುಕೊಳ್ಳಿ. ಸದಸ್ಯ ಸಂಖ್ಯೆ 214. ದಿನಾಂಕ, ಬೆಳಗ್ಗೆ. ಹಸು. 6.4 ಲೀಟರ್. ಫ್ಯಾಟ್ 4.1. ಎಸ್‌ಎನ್‌ಎಫ್ 8.5. ಅದರ ಕೆಳಗೆ ದರ ಮತ್ತು ಮೊತ್ತ. ಫ್ಯಾಟ್ ಎಂದರೆ ಹಾಲಿನ ಕೊಬ್ಬು, ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ, ಎರಡೂ ಶೇಕಡಾ ಲೆಕ್ಕದಲ್ಲಿ. ಅಂಗೈಯಗಲದ ಕಾಗದದ ತುಂಬ ಅಂಕಿಗಳು. ನೋಡಲು ಎಲ್ಲವೂ ಒಂದೇ ಥರ, ಒಂದೇ ಶಾಯಿ. ಆದರೆ 214, 6.4 ಮತ್ತು 4.1 ಒಂದೇ ಜಾತಿಯ ಅಂಕಿಗಳಲ್ಲ. ಒಂದರ ಜೊತೆ ಮಾಡಬಹುದಾದ ಲೆಕ್ಕವನ್ನು ಇನ್ನೊಂದರ ಜೊತೆ ಮಾಡುವಂತಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಡವುವವರಲ್ಲಿ ಹೆಚ್ಚಿನವರು ದೊಡ್ಡ ಸೂತ್ರಗಳವರೆಗೆ ಹೋಗಿರುವುದೇ ಇಲ್ಲ, ಇಲ್ಲೇ ಹೊಸ್ತಿಲಲ್ಲೇ ಎಡವಿರುತ್ತಾರೆ. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿ, ಪತ್ರಿಕೆಗಳ ಅಂಕಿಅಂಶಗಳನ್ನು ಓದಿ ನನಗೆ ಖಚಿತವಾದ ಸಂಗತಿ ಇದು.

ಮೊದಲು ಎರಡು ಮೂರು ಪದ. ಒಂದೊಂದು ಚೀಟಿಯೂ ಒಂದೊಂದು ವೀಕ್ಷಣೆ. ಚೀಟಿಯಿಂದ ಚೀಟಿಗೆ ಬದಲಾಗುವ ಲೀಟರ್, ಫ್ಯಾಟ್, ಹೊತ್ತು ಇವೆಲ್ಲ ಚರಗಳು. ಮೊಳೆಯಲ್ಲಿರುವ ಚೀಟಿಗಳ ಕಂತೆ ಪೂರ್ತಿಯಾಗಿ ದತ್ತಾಂಶ. ಹಸು ವರ್ಷವಿಡೀ ಹೊತ್ತಿಗೆ ಸರಿಯಾಗಿ 6.4 ಲೀಟರೇ ಕೊಡುತ್ತಿದ್ದರೆ ಒಂದು ಸಲ ಅಳೆದರೆ ಮುಗಿಯುತ್ತಿತ್ತು, ಈ ಶಾಸ್ತ್ರವೇ ಬೇಕಿರಲಿಲ್ಲ. ಮೇವು ಬದಲಾಗುತ್ತದೆ, ಬಿಸಿಲು ಏರುತ್ತದೆ, ಕರು ದೊಡ್ಡದಾಗುತ್ತದೆ, ಹಾಲು ಏರಿಳಿಯುತ್ತದೆ. ಆ ಏರಿಳಿತದ ನಡುವೆ ನಂಬಬಹುದಾದ ಮಾತೊಂದನ್ನು ಹೇಳುವುದು ಹೇಗೆ ಎಂಬುದೇ ಸಂಖ್ಯಾಶಾಸ್ತ್ರದ ಕೆಲಸ.

ಹೆಸರಿನ ಕೆಲಸ ಮಾಡುವ ಅಂಕಿ

214ನೇ ಸದಸ್ಯರು 107ನೇ ಸದಸ್ಯರ ಎರಡರಷ್ಟಲ್ಲ. ಹೀಗೆ ಹೇಳಿದರೆ ತರಗತಿಯಲ್ಲಿ ನಗು ಬರುತ್ತದೆ, ಅಷ್ಟು ಸ್ಪಷ್ಟ. ಇಲ್ಲಿ ಅಂಕಿಯು ಹೆಸರಿನ ಬದಲು ನಿಂತಿದೆ. ನಾಳೆ ಸಂಘದವರು ಎಲ್ಲರಿಗೂ ಹೊಸ ಸಂಖ್ಯೆ ಕೊಟ್ಟರೆ ಯಾರ ಕ್ಯಾನಿನ ಹಾಲೂ ಒಂದು ಹನಿ ಹೆಚ್ಚು ಕಡಿಮೆ ಆಗುವುದಿಲ್ಲ. ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು: ಅಂಕಿಗಳನ್ನು ಅದಲುಬದಲು ಮಾಡಿದರೂ ವಿಷಯ ಕೆಡದಿದ್ದರೆ ಅದು ನಾಮಸೂಚಕ ದತ್ತಾಂಶ. ಬಸ್ಸಿನ ಮಾರ್ಗ ಸಂಖ್ಯೆ, ಮೊಬೈಲ್ ಸಂಖ್ಯೆ, ಆಟಗಾರರ ಅಂಗಿಯ ಮೇಲಿನ ಸಂಖ್ಯೆ ಎಲ್ಲವೂ ಇದೇ ಗುಂಪು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಕೂಡ ಇಲ್ಲಿಗೇ ಸೇರುತ್ತದೆ. ಅದರ ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ ಎಂಬ ಸುಳಿವು ಸಿಗುತ್ತದೆ, ನಿಜ. ಆದರೂ ಎರಡು ಪಿನ್ ಕೋಡ್‌ಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ನಡುವಿನ ಊರು ಬರುವುದಿಲ್ಲ.

ಚೀಟಿಯಲ್ಲಿ ತಪ್ಪು ಮಾಡುವುದು ಕಷ್ಟ. ಕಂಪ್ಯೂಟರಿನಲ್ಲಿ ಬಹಳ ಸುಲಭ. ಜನಗಣತಿಯ ನಮೂನೆಯಲ್ಲಿ ಪುರುಷ ಎಂಬುದಕ್ಕೆ 1, ಸ್ತ್ರೀ ಎಂಬುದಕ್ಕೆ 2 ಎಂದು ಸಂಕೇತ ಬರೆಯುತ್ತಾರೆ. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಪ್ರಕಟವಾದ ಪಟ್ಟಿಯಲ್ಲಿ ಪುರುಷರು 3,09,66,657, ಸ್ತ್ರೀಯರು 3,01,28,640. ಈ 1 ಮತ್ತು 2ಗಳ ಕಾಲಮ್ಮಿಗೆ ಸರಾಸರಿ ಕೇಳಿದರೆ ಯಂತ್ರ ಮರುಮಾತಿಲ್ಲದೆ 1.493 ಎಂದು ಉತ್ತರ ಕೊಡುತ್ತದೆ. ಯಾರ ಸರಾಸರಿ ಅದು? 1.493 ಎಂಬ ಮನುಷ್ಯರು ಎಲ್ಲಿದ್ದಾರೆ?

ಇಲ್ಲೊಂದು ಸೊಗಸಾದ ತಿರುವಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಪುರುಷರಿಗೆ 0, ಸ್ತ್ರೀಯರಿಗೆ 1 ಎಂದು ಸಂಕೇತ ಬದಲಿಸಿ. ಈಗ ಅದೇ ಕಾಲಮ್ಮಿನ ಸರಾಸರಿ 0.493. ಇದಕ್ಕೆ ಅರ್ಥವಿದೆ: ರಾಜ್ಯದ ನೂರು ಜನರಲ್ಲಿ 49.3 ಜನ ಸ್ತ್ರೀಯರು. ಒಂದೊಂದು 1 ಕೂಡ ಒಬ್ಬೊಬ್ಬ ಸ್ತ್ರೀಯನ್ನು ಎಣಿಸುವುದರಿಂದ ಮೊತ್ತವು ಎಣಿಕೆಯಾಗುತ್ತದೆ, ಸರಾಸರಿಯು ಪ್ರಮಾಣವಾಗುತ್ತದೆ. ಅಂದರೆ ಹೆಸರುಗಳನ್ನು ಕೂಡಲು ಬರುವುದಿಲ್ಲ, ಎಣಿಸಲು ಬರುತ್ತದೆ. ನಾಮಸೂಚಕ ದತ್ತಾಂಶದಲ್ಲಿ ಮಾಡಬಹುದಾದ್ದು ಅದೊಂದೇ. ಯಾವ ಗುಂಪಿನಲ್ಲಿ ಎಷ್ಟು ಎಂದು ಎಣಿಸುವುದು, ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಯಾವುದು ಎಂದು ನೋಡುವುದು. ಹಾಗೆ ಹೆಚ್ಚು ಸಲ ಬರುವ ಬೆಲೆಯನ್ನು ಬಹುಲಕ ಅನ್ನುತ್ತಾರೆ.

ಮೇಲೆ ಕೆಳಗೆ ಗೊತ್ತು, ಎಷ್ಟು ಎಂದು ಗೊತ್ತಿಲ್ಲ

ನಮ್ಮ ಪಿಯು ಫಲಿತಾಂಶದ ದರ್ಜೆಗಳನ್ನು ನೋಡಿ. ಶೇ. 85 ಮತ್ತು ಮೇಲೆ ಡಿಸ್ಟಿಂಕ್ಷನ್, 60ರಿಂದ 85ರೊಳಗೆ ಪ್ರಥಮ ದರ್ಜೆ, 50ರಿಂದ 60ರೊಳಗೆ ದ್ವಿತೀಯ ದರ್ಜೆ. ಇವುಗಳಿಗೆ ಏರಿಳಿತದ ಕ್ರಮವಿದೆ. ಪ್ರಥಮ ದರ್ಜೆಯು ದ್ವಿತೀಯ ದರ್ಜೆಗಿಂತ ಮೇಲು, ಅದರಲ್ಲಿ ಸಂಶಯವಿಲ್ಲ. ಆದರೆ ಮೆಟ್ಟಿಲುಗಳು ಸಮನಾಗಿಲ್ಲ. ಒಂದರ ಅಗಲ 15, ಇನ್ನೊಂದರದು 25, ಮತ್ತೊಂದರದು 10. ಇಂಥದ್ದು ಕ್ರಮಸೂಚಕ ದತ್ತಾಂಶ. 84 ತೆಗೆದ ಹುಡುಗಿಯೂ 60 ತೆಗೆದ ಹುಡುಗನೂ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. 59 ತೆಗೆದವನು ಒಂದೇ ಅಂಕಕ್ಕೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾನೆ. ಅಂಕಗಳು ಕೈಯಲ್ಲಿದ್ದರೆ ದರ್ಜೆ ಮಾಡಿಕೊಳ್ಳಬಹುದು. ದರ್ಜೆ ಮಾತ್ರ ಉಳಿಸಿಕೊಂಡು ಅಂಕಪಟ್ಟಿ ಎಸೆದರೆ ಮರಳಿ ಅಂಕಗಳಿಗೆ ಹೋಗಲು ದಾರಿಯಿಲ್ಲ. ಸಮೀಕ್ಷೆ ಮಾಡುವ ವಿದ್ಯಾರ್ಥಿಗಳಿಗೆ ಹೀಗಾಗಿ ಪ್ರತಿ ವರ್ಷ ಹೇಳುತ್ತೇನೆ: ವಯಸ್ಸನ್ನು ವರ್ಷದಲ್ಲೇ ಕೇಳಿ ಬರೆದುಕೊಳ್ಳಿ, "18ರಿಂದ 30" ಎಂಬ ಚೌಕಕ್ಕೆ ಗುರುತು ಹಾಕಿಸಬೇಡಿ. ಗುಂಪು ಮಾಡುವ ಕೆಲಸವನ್ನು ಆಮೇಲೆ ಮಾಡಿಕೊಂಡರಾಯಿತು.

ಮೊಬೈಲಿನಲ್ಲಿ ಹೋಟೆಲಿಗೆ ಕೊಡುವ ನಕ್ಷತ್ರಗಳೂ ಕ್ರಮಸೂಚಕವೇ. ಮೂರು ನಕ್ಷತ್ರಕ್ಕೂ ನಾಲ್ಕಕ್ಕೂ ಇರುವ ದೂರ, ನಾಲ್ಕಕ್ಕೂ ಐದಕ್ಕೂ ಇರುವ ದೂರ ಸಮವೆಂದು ಕೊಟ್ಟವರು ಯಾರೂ ಅಳೆದಿಲ್ಲ. ಆದರೂ ಸರಾಸರಿ ಹಾಕಿ ತೋರಿಸುತ್ತಾರೆ. ಹತ್ತು ಜನ ತಲಾ 3 ಕೊಟ್ಟ ಹೋಟೆಲಿಗೂ, ಐದು ಜನ 5 ಕೊಟ್ಟು ಐದು ಜನ 1 ಕೊಟ್ಟ ಹೋಟೆಲಿಗೂ ಸರಾಸರಿ 3. ಮೊದಲನೆಯದರಲ್ಲಿ ಊಟ ಸಾಧಾರಣ. ಎರಡನೆಯದರಲ್ಲಿ ಏನೋ ಇದೆ, ಏನೆಂದು ತಿಳಿಯಬೇಕಾದರೆ ಸರಾಸರಿಯನ್ನು ಬಿಟ್ಟು ಯಾರು ಎಷ್ಟು ಕೊಟ್ಟರು ಎಂಬ ಎಣಿಕೆಯನ್ನೇ ನೋಡಬೇಕು.

ಸೊನ್ನೆ ಎಲ್ಲಿದೆ ಎಂಬ ಪ್ರಶ್ನೆ

ಇಲ್ಲಿಂದ ಮುಂದೆ ನಿಜವಾದ ಅಳತೆಗಳು ಶುರು. ಅವುಗಳಲ್ಲೂ ಎರಡು ಬಗೆ, ಮತ್ತು ಅವೆರಡರ ವ್ಯತ್ಯಾಸ ಇರುವುದು ಸೊನ್ನೆಯಲ್ಲಿ.

ರಾಯಚೂರಿನಲ್ಲಿ 40 ಡಿಗ್ರಿ ಸೆಲ್ಸಿಯಸ್, ಅದೇ ದಿನ ಮಡಿಕೇರಿಯಲ್ಲಿ 20 ಡಿಗ್ರಿ ಎಂದುಕೊಳ್ಳಿ. ರಾಯಚೂರಿನಲ್ಲಿ ಎರಡರಷ್ಟು ಬಿಸಿ ಎನ್ನಬಹುದೇ? ಅದೇ ಬಿಸಿಯನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 104 ಮತ್ತು 68. ಎರಡರಷ್ಟು ಎಂಬುದು ಎಲ್ಲಿಗೆ ಹೋಯಿತು? ಸೆಲ್ಸಿಯಸ್‌ನ ಸೊನ್ನೆಯು ನೀರು ಹೆಪ್ಪುಗಟ್ಟುವ ಜಾಗದಲ್ಲಿ ನಾವು ನೆಟ್ಟ ಕಲ್ಲು, ಬಿಸಿಯೇ ಇಲ್ಲದ ಸ್ಥಿತಿ ಅಲ್ಲ.

ಇಸವಿಗಳದ್ದೂ ಇದೇ ಕಥೆ, ಮತ್ತು ಪಂಚಾಂಗ ನೋಡುವ ಮನೆಯವರಿಗೆ ಇದು ಇನ್ನೂ ಬೇಗ ಹೊಳೆಯುತ್ತದೆ. ರಾಜ್ಯ ಏಕೀಕರಣವಾದದ್ದು 1956ರ ನವೆಂಬರ್ 1, ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1. ಶಾಲಿವಾಹನ ಶಕದಲ್ಲಿ ಅವು 1878 ಮತ್ತು 1895. ಎಣಿಕೆ ಯಾವುದಾದರೂ ನಡುವಿನ ಅಂತರ 17 ವರ್ಷವೇ. ಕಳೆಯುವ ಲೆಕ್ಕ ಎರಡರಲ್ಲೂ ಒಂದೇ ಉತ್ತರ ಕೊಡುತ್ತದೆ. ಆದರೆ ಕ್ರಿ.ಶ. 2000 ಎಂಬುದು 1000ರ ಎರಡರಷ್ಟು ಎಂದು ಹೊರಟರೆ, ಶಕದಲ್ಲಿ ಅದೇ ವರ್ಷಗಳು 1922 ಮತ್ತು 922 ಆಗಿ ಆ ಮಾತು ಬಿದ್ದುಹೋಗುತ್ತದೆ. ಸೊನ್ನೆಯನ್ನು ನಾವು ಅನುಕೂಲಕ್ಕೆ ಇಟ್ಟುಕೊಂಡಿರುವ ಇಂಥ ಅಳತೆಗಳು ಅಂತರಸೂಚಕ.

ಲೀಟರ್ ಹಾಗಲ್ಲ. ಸೊನ್ನೆ ಲೀಟರ್ ಎಂದರೆ ಕ್ಯಾನಿನಲ್ಲಿ ಹಾಲೇ ಇಲ್ಲ. ಆ ಸೊನ್ನೆಯನ್ನು ಯಾರೂ ಸರಿಸಲಾಗದು. 8 ಲೀಟರ್ 4 ಲೀಟರಿನ ಎರಡರಷ್ಟು, ಸೇರಿನಲ್ಲಿ ಅಳೆದರೂ ಎರಡರಷ್ಟೇ. ಇದು ಅನುಪಾತಸೂಚಕ ದತ್ತಾಂಶ. ತೂಕ, ದೂರ, ವಯಸ್ಸು, ಆದಾಯ, ಮಳೆಯ ಮಿಲಿಮೀಟರ್ ಎಲ್ಲವೂ ಇಲ್ಲಿವೆ. ಕೂಡು, ಕಳೆ, ಗುಣಿಸು, ಭಾಗಿಸು ಎಲ್ಲಕ್ಕೂ ಇವು ಒಗ್ಗುತ್ತವೆ.

ಈ ನಾಲ್ಕು ಬಗೆಯ ವಿಂಗಡಣೆಯನ್ನು ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ 'ಸೈನ್ಸ್' ಪತ್ರಿಕೆಯ ಒಂದು ಲೇಖನದಲ್ಲಿ ಮುಂದಿಟ್ಟರು. ಅದರ ಹಿಂದೆ ಒಂದು ಜಗಳವಿತ್ತು. ಮನುಷ್ಯನಿಗೆ ಆಗುವ ಅನುಭವವನ್ನು, ಉದಾಹರಣೆಗೆ ಶಬ್ದ ಎಷ್ಟು ಜೋರಾಗಿ ಕೇಳಿಸಿತು ಎಂಬುದನ್ನು, ಅಳೆಯಲು ಬರುತ್ತದೆಯೇ ಎಂದು ಬ್ರಿಟನ್ನಿನ ವಿಜ್ಞಾನಿಗಳ ಸಮಿತಿಯೊಂದು ಏಳು ವರ್ಷ ಚರ್ಚಿಸಿ ಒಮ್ಮತಕ್ಕೆ ಬಾರದೆ ಎದ್ದಿತ್ತು. ಅಳತೆ ಅನ್ನುವುದು ಒಂದೇ ಬಗೆಯದಲ್ಲ, ಬಗೆಬಗೆಯದಿದೆ ಎಂಬುದು ಸ್ಟೀವನ್ಸ್ ಕೊಟ್ಟ ಉತ್ತರ. ಆಮೇಲೆ ಬಂದ ಸಂಖ್ಯಾಶಾಸ್ತ್ರಜ್ಞರು ಈ ವಿಂಗಡಣೆಯನ್ನು ಸಾಕಷ್ಟು ಟೀಕಿಸಿದ್ದಾರೆ. ಎಲ್ಲವೂ ನಾಲ್ಕೇ ಪೆಟ್ಟಿಗೆಗಳಲ್ಲಿ ಕೂರುವುದಿಲ್ಲ ಎಂಬುದು ಸರಿಯೂ ಹೌದು. ಆದರೆ ಕಲಿಯಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆಯನ್ನು ನಾನು ಕಂಡಿಲ್ಲ.

ಇನ್ನೊಂದು ವಿಂಗಡಣೆಯೂ ಇದೆ, ಅದು ಬೇಗ ಮುಗಿಯುತ್ತದೆ. ಕೊಟ್ಟಿಗೆಯಲ್ಲಿ ಹಸು ಎಷ್ಟು ಎಂದರೆ ಎರಡು ಅಥವಾ ಮೂರು. ಎರಡೂವರೆ ಇರಲು ಸಾಧ್ಯವಿಲ್ಲ. ಎಣಿಸಿ ಬರುವ ಇಂಥದ್ದು ವಿಚ್ಛಿನ್ನ ಚರ. ಹಾಲು 6.4 ಮತ್ತು 6.5ರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅಳೆದು ಬರುವ ಅದು ಅವಿಚ್ಛಿನ್ನ ಚರ. ಚೀಟಿಯಲ್ಲಿ 6.4 ಎಂದು ನಿಂತಿರುವುದು ಅಳತೆಯ ಯಂತ್ರ ಅಲ್ಲಿಗೆ ನಿಂತದ್ದರಿಂದ. ಮನುಷ್ಯರೂ ಹಾಗೆ ಎಲ್ಲೆಲ್ಲೋ ನಿಲ್ಲುತ್ತಾರೆ. ಭಾರತದ ಜನಗಣತಿಯ ವಯಸ್ಸಿನ ಪಟ್ಟಿಯಲ್ಲಿ 30, 35, 40, 45ರ ಹತ್ತಿರ ಜನ ಗುಂಪುಗೂಡಿರುತ್ತಾರೆ, 31, 39, 41ರಲ್ಲಿ ವಿರಳವಾಗಿರುತ್ತಾರೆ. ಹುಟ್ಟಿದ ದಿನಾಂಕ ಬರೆದಿಡದ ತಲೆಮಾರಿನವರನ್ನು ವಯಸ್ಸು ಕೇಳಿದರೆ "ಒಂದು ನಲವತ್ತು ಅಂತ ಬರ್ಕಳಿ" ಅನ್ನುತ್ತಾರೆ. ಕಾಗದದ ಮೇಲೆ ಅದು ಅನುಪಾತಸೂಚಕ, ಅವಿಚ್ಛಿನ್ನ, ಎಲ್ಲ ಲಕ್ಷಣವೂ ಇರುವ ಸಂಖ್ಯೆ. ಅದು ಹುಟ್ಟಿದ್ದು ಮಾತ್ರ ಜಗಲಿಯ ಮೇಲೆ, ಅಂದಾಜಿನಲ್ಲಿ. ಈ ಅಂಕಿ ಇಲ್ಲಿಗೆ ಬರಲು ಯಾರು ಏನು ಮಾಡಿದರು ಎಂದು ಕೇಳುವ ಅಭ್ಯಾಸ ಇದ್ದವರಿಗೆ ಮಾತ್ರ ಅದು ಕಾಣುತ್ತದೆ. ಚೀಟಿಯ ಎಸ್‌ಎನ್‌ಎಫ್ ಕೂಡ ಹಾಗೆಯೇ. ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಇಟ್ಟು ನೋಡುವ ಕಡೆ ಅದನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಲ್ಯಾಕ್ಟೋಮೀಟರ್ ತೋರಿಸಿದ್ದನ್ನೂ ಫ್ಯಾಟನ್ನೂ ಸೂತ್ರಕ್ಕೆ ಹಾಕಿ ಲೆಕ್ಕದಿಂದ ತೆಗೆಯುತ್ತಾರೆ. ಫ್ಯಾಟ್ ತಪ್ಪಿದರೆ ಎಸ್‌ಎನ್‌ಎಫ್ ತಾನಾಗಿಯೇ ತಪ್ಪುತ್ತದೆ.

ಸರಾಸರಿಗಳ ನಡುವೆ

ಎಲ್ಲರಿಗೂ ಗೊತ್ತಿರುವ ಲೆಕ್ಕ ಸರಾಸರಿ: ಕೂಡು, ಎಷ್ಟಿವೆಯೋ ಅಷ್ಟರಿಂದ ಭಾಗಿಸು. ಅದರಲ್ಲೇ ಎಷ್ಟು ಜನ ಜಾರುತ್ತಾರೆ ಎಂಬುದಕ್ಕೆ ಮತ್ತೆ ಚೀಟಿಯನ್ನೇ ನೋಡೋಣ.

ಬೆಳಗಿನ ಹಾಲು ಜಾಸ್ತಿ, ಸಂಜೆಯದು ಕಡಿಮೆ ಆದರೆ ಗಟ್ಟಿ ಎಂಬುದು ಹಸು ಕಟ್ಟಿದವರಿಗೆಲ್ಲ ಗೊತ್ತು. ಲೆಕ್ಕ ಸುಲಭವಾಗಲೆಂದು ವ್ಯತ್ಯಾಸವನ್ನು ದೊಡ್ಡದು ಮಾಡಿಕೊಳ್ಳೋಣ. ಬೆಳಗ್ಗೆ 10 ಲೀಟರ್, ಫ್ಯಾಟ್ 3.5. ಸಂಜೆ 2 ಲೀಟರ್, ಫ್ಯಾಟ್ 5. ದಿನದ ಸರಾಸರಿ ಫ್ಯಾಟ್ ಎಷ್ಟು? 3.5ನ್ನೂ 5ನ್ನೂ ಕೂಡಿ ಎರಡರಿಂದ ಭಾಗಿಸಿ 4.25 ಎನ್ನುವವರೇ ತರಗತಿಯಲ್ಲಿ ಹೆಚ್ಚು. ಎರಡು ಹೊತ್ತಿನ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು ನೋಡಿ. ಲೀಟರನ್ನು ಕೆ.ಜಿ. ಎಂದೇ ಹಿಡಿದರೆ ಬೆಳಗಿನದರಲ್ಲಿ 350 ಗ್ರಾಂ ಕೊಬ್ಬು, ಸಂಜೆಯದರಲ್ಲಿ 100 ಗ್ರಾಂ. ಒಟ್ಟು 450 ಗ್ರಾಂ, 12 ಲೀಟರಿನಲ್ಲಿ. ಅಂದರೆ 3.75. ಶೇಕಡಾ ಅಂಕಿಗಳ ಬೆನ್ನಿಗೆ ಯಾವಾಗಲೂ ಒಂದು ಒಟ್ಟು ಮೊತ್ತ ಇರುತ್ತದೆ, ಅದರ ತೂಕ ಬಿಟ್ಟು ಶೇಕಡಾಗಳನ್ನು ಕೂಡಿದರೆ ಹೀಗಾಗುತ್ತದೆ. ತೂಕವನ್ನೂ ಸೇರಿಸಿಕೊಂಡು ತೆಗೆದ 3.75ರಂಥದ್ದಕ್ಕೆ ತೂಕದ ಸರಾಸರಿ ಎಂದು ಹೆಸರು. ಎರಡು ತಾಲ್ಲೂಕುಗಳ ಸಾಕ್ಷರತೆಯ ಶೇಕಡಾವನ್ನು ಕೂಡಿ ಅರ್ಧ ಮಾಡುವ ವರದಿ ಕಂಡಾಗಲೆಲ್ಲ ನನಗೆ ಈ ಕ್ಯಾನು ನೆನಪಾಗುತ್ತದೆ.

ಇನ್ನೊಂದು ಚಿತ್ರ. ಒಂದು ಸಣ್ಣ ಸಂಘಕ್ಕೆ ಹತ್ತು ಮನೆಯವರು ಹಾಲು ಹಾಕುತ್ತಾರೆ: 3, 4, 4, 5, 5, 6, 6, 7, 8 ಲೀಟರ್, ಮತ್ತು ಹತ್ತನೆಯವರದ್ದು ದೊಡ್ಡ ಫಾರಂ, 152 ಲೀಟರ್. ಒಟ್ಟು 200. ಸರಾಸರಿ 20 ಲೀಟರ್. ಹತ್ತರಲ್ಲಿ ಒಂಬತ್ತು ಮನೆಯವರು 8 ಲೀಟರನ್ನು ದಾಟಿಲ್ಲ, ಆದರೂ "ನಮ್ಮೂರಲ್ಲಿ ಮನೆಗೆ 20 ಲೀಟರ್" ಎಂದು ವರದಿ ಬರೆಯಬಹುದು, ಲೆಕ್ಕವೂ ತಪ್ಪಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ತೆಗೆದರೆ 5 ಮತ್ತು 6ರ ನಡುವೆ, 5.5. ಇದು ಮಧ್ಯಾಂಕ. ಫಾರಂನವರು ನಾಳೆ 152ರ ಬದಲು 500 ಹಾಕಿದರೂ ಮಧ್ಯಾಂಕ ಕದಲುವುದಿಲ್ಲ.

ಹಾಗೆಂದು ಸರಾಸರಿ ಸುಳ್ಳು, ಮಧ್ಯಾಂಕ ಸತ್ಯ ಎಂದು ಪಾಠ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಹಾಲು ತುಂಬಿಸಲು ಎಷ್ಟು ಕ್ಯಾನು ಬೇಕು ಎಂದು ಲೆಕ್ಕ ಹಾಕುವ ಕಾರ್ಯದರ್ಶಿಗೆ ಒಟ್ಟು 200 ಲೀಟರ್ ಬೇಕು. ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಸಿಗುವುದು ಸರಾಸರಿಯಿಂದ, ಮಧ್ಯಾಂಕದಿಂದಲ್ಲ. ಊರಿನ ಸಾಮಾನ್ಯ ಮನೆಯೊಂದಕ್ಕೆ ಹೈನುಗಾರಿಕೆಯಿಂದ ಏನು ಸಿಗುತ್ತಿದೆ ಎಂದು ಕೇಳುವವರಿಗೆ ಮಧ್ಯಾಂಕ ಬೇಕು. ಏನನ್ನು ತಿಳಿಯಲು ಹೊರಟಿದ್ದೇವೆ ಎಂಬುದೇ ಅಳತೆಗೋಲನ್ನು ಆರಿಸುತ್ತದೆ.

ನಡುವು ಗೊತ್ತಾದರೆ ಸಾಲದು, ಹರವು ಗೊತ್ತಾಗಬೇಕು. ಎರಡು ಹಸುಗಳಿವೆ. ಐದು ದಿನ ಒಂದು ಕೊಟ್ಟದ್ದು 8, 8, 9, 8, 7 ಲೀಟರ್. ಇನ್ನೊಂದು 2, 14, 8, 3, 13. ಎರಡರ ಸರಾಸರಿಯೂ 8. ಮಾರಾಟಕ್ಕೆ ಬಂದರೆ ಎರಡನೆಯದನ್ನು ಯಾರು ಕೊಳ್ಳುತ್ತಾರೆ? ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿಯಲು ಒಂದೊಂದು ದಿನವೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡುತ್ತೇವೆ. ದೂರಗಳನ್ನು ಹಾಗೆಯೇ ಕೂಡಿದರೆ ಮೇಲಿನವೂ ಕೆಳಗಿನವೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ. ಅದಕ್ಕಾಗಿ ಪ್ರತಿ ದೂರದ ವರ್ಗ ಮಾಡಿ, ಅವುಗಳ ಸರಾಸರಿ ತೆಗೆದು, ಕೊನೆಗೆ ವರ್ಗಮೂಲ ತೆಗೆಯುತ್ತೇವೆ. ಮೊದಲ ಹಸುವಿಗೆ ಸುಮಾರು 0.63 ಲೀಟರ್, ಎರಡನೆಯದಕ್ಕೆ 4.94 ಲೀಟರ್. ಇದೇ ಮಾನಕ ವಿಚಲನೆ. ಸೂತ್ರವಾಗಿ ಬಾಯಿಪಾಠ ಮಾಡಿದವರಿಗೆ ಇದು ಹೆದರಿಸುವ ಚಿಹ್ನೆ. ಹಸು ಕಟ್ಟಿದವರಿಗೆ ಇದು ನೆಚ್ಚಿಕೆಯ ಅಳತೆ.

ನಮ್ಮ ರಾಜ್ಯದ ಮಳೆಗೆ ಒಂದೇ ಸರಾಸರಿ ಹೇಳಿದಾಗ ಏನು ಮರೆಯಾಗುತ್ತದೆ ಎಂದು ಈಗ ಊಹಿಸಬಹುದು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯೂ 600 ಮಿ.ಮೀ. ಮುಟ್ಟದ ಚಳ್ಳಕೆರೆಯೂ ಆ ಒಂದು ಅಂಕಿಯೊಳಗೇ ಕೂತಿವೆ.

ಹಾಲು ಕಲಕುವುದು ಏಕೆ

ಡೇರಿಯಲ್ಲಿ ಪರೀಕ್ಷೆಗೆ ತೆಗೆಯುವುದು ಒಂದಿಷ್ಟೇ ಇಷ್ಟು ಹಾಲು. ಕ್ಯಾನಿನ ಅಷ್ಟೂ ಹಾಲಿಗೆ ಬೆಲೆ ಕಟ್ಟುವುದು ಅಷ್ಟರಿಂದ. ನಾವು ತಿಳಿಯಬೇಕೆಂದಿರುವ ಇಡೀ ಹಾಲು ಸಮಷ್ಟಿ, ತೆಗೆದ ಅಷ್ಟು ಮಾದರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಮಾತನ್ನು ಎಲ್ಲ ಪುಸ್ತಕಗಳೂ ಇಲ್ಲಿ ಹೇಳುತ್ತವೆ. ಆ ಮಾತು ಅರ್ಧ ಮಾತ್ರ ಸರಿ. ಕುದಿಯುವ ಪಾತ್ರೆ ತಾನೇ ಕಲಕಿಕೊಳ್ಳುತ್ತದೆ, ಅದಕ್ಕೇ ಒಂದು ಅಗುಳು ಸಾಕು. ಹಾಲು ಹಾಗಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕೆನೆ ಮೇಲೇರುತ್ತದೆ. ಮೇಲಿನಿಂದ ತೆಗೆದರೆ ಫ್ಯಾಟ್ ಜಾಸ್ತಿ, ತಳದಿಂದ ತೆಗೆದರೆ ಕಮ್ಮಿ. ಪರೀಕ್ಷಕರು ಮಾದರಿ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕುವುದು ಅದಕ್ಕೆ.

ಜನರನ್ನು ಕಲಕಲಾಗದು. ಅದರ ಬದಲು ಚೀಟಿ ಎತ್ತುತ್ತೇವೆ: ಸಮಷ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಗೊತ್ತಾದ ಅವಕಾಶ ಇರುವಂತೆ, ಆರಿಸುವವರ ಇಷ್ಟಾನಿಷ್ಟ ನುಸುಳದಂತೆ. ಇದೇ ಯಾದೃಚ್ಛಿಕ ಆಯ್ಕೆ. ಕಲಕದ ಹಾಲಿನ ದೊಡ್ಡ ಉದಾಹರಣೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. 48 ರಾಜ್ಯಗಳಲ್ಲಿ 46ನ್ನು ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಅದೂ ಆರ್ಥಿಕ ಕುಸಿತದ ದಿನಗಳಲ್ಲಿ. ಕೆನೆಯನ್ನು ಎಷ್ಟು ಸೌಟು ತೆಗೆದರೂ ಅದು ಕೆನೆಯೇ. ಮರಳಿ ಚೀಟಿ ಕಳಿಸುವ ಉತ್ಸಾಹ ಯಾರಿಗಿತ್ತು ಎಂಬುದೂ ಉತ್ತರವನ್ನು ವಾಲಿಸಿತು.

ಚೆನ್ನಾಗಿ ಕಲಕಿದ ಮೇಲೆ ಎಷ್ಟು ತೆಗೆಯಬೇಕು? ಇಲ್ಲಿ ಬಹುತೇಕರಿಗೆ ನಂಬಲು ಕಷ್ಟವಾಗುವ ಸಂಗತಿ ಇದೆ. ಮಾದರಿಯ ಗಾತ್ರವು ಸಮಷ್ಟಿಯ ಗಾತ್ರವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಕಲಕಿದ ಕ್ಯಾನಿಗೆ ಎಷ್ಟು ಹಾಲು ಸಾಕೋ ಕಲಕಿದ ಟ್ಯಾಂಕರಿಗೂ ಅಷ್ಟೇ ಸಾಕು. ಯಾದೃಚ್ಛಿಕವಾಗಿ ಆರಿಸಿದ 1,000 ಜನರನ್ನು ಕೇಳಿ "ಅರ್ಧದಷ್ಟು ಜನ ಹೌದು ಎನ್ನುತ್ತಾರೆ" ಎಂದರೆ, ನೂರರಲ್ಲಿ 95 ಸಲ ಆ ಅಂದಾಜು ನಿಜದಿಂದ ಸುಮಾರು 3 ಶೇಕಡಾ ಅಂಶಗಳೊಳಗೆ ಇರುತ್ತದೆ. ಸಮಷ್ಟಿ ಒಂದು ಜಿಲ್ಲೆಯಾದರೂ ಅಷ್ಟೇ, ಇಡೀ ದೇಶವಾದರೂ ಅಷ್ಟೇ. ಈ 3ನ್ನು 1.5ಕ್ಕೆ ಇಳಿಸಬೇಕಾದರೆ 2,000 ಜನ ಸಾಲದು, 4,000 ಬೇಕು. ತಪ್ಪು ಇಳಿಯುವುದು ಗಾತ್ರದ ವರ್ಗಮೂಲದ ಲೆಕ್ಕದಲ್ಲಿ.

ಕೈಯಲ್ಲಿರುವ ದತ್ತಾಂಶವನ್ನು ಸರಾಸರಿ, ಮಧ್ಯಾಂಕಗಳಲ್ಲಿ ಬಣ್ಣಿಸುವುದು ವಿವರಣಾತ್ಮಕ ಸಂಖ್ಯಾಶಾಸ್ತ್ರ. ಕೈಯಲ್ಲಿರುವ ಮಾದರಿಯಿಂದ ಕಣ್ಣಿಗೆ ಕಾಣದ ಸಮಷ್ಟಿಯ ಬಗ್ಗೆ ಮಾತಾಡುವುದು ಅನುಮಾನಾತ್ಮಕ ಸಂಖ್ಯಾಶಾಸ್ತ್ರ. ಭಾರತಕ್ಕೆ ಈ ಎರಡನೆಯದನ್ನು ಕಲಿಸಿದವರಲ್ಲಿ ಮೊದಲ ಹೆಸರು ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರದು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಬಂಗಾಳದಲ್ಲಿ ಸೆಣಬು ಎಷ್ಟು ಜಮೀನಿನಲ್ಲಿದೆ ಎಂಬುದನ್ನು ಪ್ರತಿ ಹೊಲವನ್ನೂ ಸುತ್ತದೆ, ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿ ತೋರಿಸಿದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. ಅವರ ಹುಟ್ಟಿದ ದಿನವಾದ ಜೂನ್ 29 ಈಗ ರಾಷ್ಟ್ರೀಯ ಸಾಂಖ್ಯಿಕ ದಿನ. ಅವರ ಸಂಸ್ಥೆಯಲ್ಲೇ ಬೆಳೆದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. ಮಾದರಿಯಿಂದ ಮಾಡುವ ಅಂದಾಜು ಎಷ್ಟೇ ಜಾಣತನ ಮಾಡಿದರೂ ಇದಕ್ಕಿಂತ ಕರಾರುವಾಕ್ಕಾಗದು ಎಂಬ ಒಂದು ಮಿತಿಯನ್ನು ಅವರು 1945ರ ಲೇಖನದಲ್ಲಿ ಕಂಡುಕೊಟ್ಟರು, ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಜಗತ್ತಿನ ಪಠ್ಯಪುಸ್ತಕಗಳು ಅದನ್ನು ಕ್ರಾಮೆರ್-ರಾವ್ ಮಿತಿ ಎನ್ನುತ್ತವೆ. ಹಡಗಲಿಯ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನ್ನ ದನಿ ಒಂದಿಷ್ಟು ಏರುತ್ತದೆ.

ಖಾಲಿ ಜಾಗ

ಅಮ್ಮ ಚೀಟಿಗಳ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟಿದ್ದರು. ದಿನಕ್ಕೊಂದು ಸಾಲು, ಬೆಳಗ್ಗೆ ಇಷ್ಟು, ಸಂಜೆ ಇಷ್ಟು. ನಡುನಡುವೆ ಅಂಕಿಯ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ನಾನು ಡಿಗ್ರಿಯಲ್ಲಿದ್ದಾಗ ಒಂದು ವರ್ಷದ ಪುಟಗಳನ್ನು ಕಂಪ್ಯೂಟರಿಗೆ ಹಾಕಿ ತಿಂಗಳ ಸರಾಸರಿ ತೆಗೆಯಲು ಕೂತೆ. ಅಡ್ಡಗೆರೆಗಳಿದ್ದ ಕಡೆಯೆಲ್ಲ 0 ತುಂಬಿದೆ. ಸರಾಸರಿ ಬಂತು, ಗ್ರಾಫೂ ಬಂತು. ಹೆಮ್ಮೆಯಿಂದ ತೋರಿಸಿದೆ.

ಅಮ್ಮ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟರು. ಈ ಎರಡು ತಿಂಗಳ ಗೆರೆಗಳು ಹಸು ಗಬ್ಬವಿದ್ದು ಹಾಲು ಬತ್ತಿಸಿದ್ದಾಗಿನವು. ಅವು ನಿಜವಾದ ಸೊನ್ನೆಗಳು. ಈ ನಾಲ್ಕು ದಿನ ಕೆಚ್ಚಲು ಬಾವು ಆಗಿ ಔಷಧಿ ಕೊಡಿಸಿದ್ದರಿಂದ ಹಾಲು ಕರೆದು ಚೆಲ್ಲಿದ್ದು. ಹಸು ಕೊಟ್ಟಿತ್ತು, ಡೇರಿಗೆ ಹೋಗಲಿಲ್ಲ, ಎಷ್ಟೆಂದು ಅಳೆಯಲೂ ಇಲ್ಲ. ಇದು ಅವರೇ ಜ್ವರ ಬಂದು ಮಲಗಿದ್ದ ವಾರ, ಹಾಲು ಹಾಕಿಬಂದ ಪಕ್ಕದ ಮನೆಯವರ ಹತ್ತಿರ ಚೀಟಿ ಉಳಿದುಹೋಗಿತ್ತು. ಹಾಲೂ ಇತ್ತು, ಅಳತೆಯೂ ಆಗಿತ್ತು, ನಮ್ಮ ಪುಸ್ತಕಕ್ಕೆ ಬರಲಿಲ್ಲ.

ಒಂದೇ ಗೆರೆ, ಮೂರು ಅರ್ಥ. ಹೈನಿನ ಆದಾಯ ಲೆಕ್ಕ ಹಾಕುವಾಗ ಮೊದಲ ಎರಡಕ್ಕೆ ಸೊನ್ನೆ ಸರಿ, ಮೂರನೆಯದಕ್ಕೆ ತಪ್ಪು. ಹಸುವಿನ ಇಳುವರಿ ಲೆಕ್ಕ ಹಾಕುವಾಗ ಬತ್ತಿಸಿದ ದಿನಗಳನ್ನು ಬಿಟ್ಟರೆ ಬೇರಾವುದಕ್ಕೂ ಸೊನ್ನೆ ಸಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಲುಪ್ತ ದತ್ತಾಂಶ ಎಂಬ ಹೆಸರಿದೆ, ಅದನ್ನು ನಿಭಾಯಿಸಲು ದಪ್ಪ ಪುಸ್ತಕಗಳೂ ಇವೆ. ಅವು ಎಲ್ಲವೂ ಶುರುವಾಗುವುದು ಆ ಜಾಗ ಏಕೆ ಖಾಲಿ ಉಳಿಯಿತು ಎಂಬಲ್ಲಿಂದ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಈಗ ದೇಶದ ಹೆಚ್ಚಿನ ಭಾಗಕ್ಕೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಗೊತ್ತಾಗಿದೆ. ಆ ಕೆಲಸಕ್ಕೆ ಹೋಗುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ನೋಟ್‌ಬುಕ್ಕಿನ ಕಥೆ ಹೇಳಿದ್ದೇನೆ. ಬೀಗ ಹಾಕಿದ ಮನೆಯೂ ಜನರಿಲ್ಲದ ಮನೆಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಅವತ್ತು ಕೊನೆಯದಾಗಿ ಅಮ್ಮ ಬೆರಳಿಟ್ಟದ್ದು ಭಾದ್ರಪದದ ಒಂದು ಒಂಟಿ ಗೆರೆಯ ಮೇಲೆ. ನನ್ನ ಗ್ರಾಫಿನಲ್ಲಿ ಅಲ್ಲಿ ಬಾವಿಯಂಥ ಇಳಿತ. ಅದು ಗೌರಿ ಹಬ್ಬದ ದಿನ. ಆ ತಿಂಗಳ ಎಲ್ಲ ದಿನಗಳಿಗಿಂತ ಹೆಚ್ಚು ಹಾಲು ಕರೆದದ್ದು ಅವತ್ತೇ ಅಂತೆ, ಅಷ್ಟೂ ಪಾಯಸಕ್ಕೂ ಬೀದಿಯ ಮಕ್ಕಳಿಗೂ ಹೋಯಿತು.